ಹೊಸ ಜಾಲತಾಣದಲ್ಲಿ ಕೆರೆ ಏರಿಯ ವೀರಗಲ್ಲು ಸಿಗ್ತಿಲ್ಲ

ಶಾಸನಾಸಕ್ತರ ಸಂಘವೊಂದಕ್ಕೆ 14 ವರ್ಷದಿಂದ ಚಂದಾ ಕಟ್ಟಿಕೊಂಡು ಬಂದಿದ್ದೇನೆ. ಹೆಸರು ಬೇಡ, ಓದುವವರಲ್ಲಿ ಕೆಲವರಿಗೆ ಗೊತ್ತಾಗಿಯೇ ಆಗುತ್ತೆ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಲ್ಲಿ ಇದ್ದವರು, ಹಳಗನ್ನಡ ಲಿಪಿ ಬಲ್ಲ ಒಂದಿಬ್ಬರು ವಿದ್ವಾಂಸರು, ಈಚೆಗೆ ಬಂದ ಸಾಫ್ಟ್‌ವೇರ್ ಹುಡುಗರು, ಎಲ್ಲರೂ ಕೈಯಿಂದ ಹಾಕಿ ನಡೆಸುವ ಸಂಘ. ಅದರ ಜಾಲತಾಣವನ್ನು ಈಚೆಗೆ ಪೂರ್ತಿ ಹೊಸದು ಮಾಡಿದರು. ಪುಸ್ತಕ ವಿಮರ್ಶೆ ಬರೆಯುವ ಈ ಜಾಗದಲ್ಲಿ ಜಾಲತಾಣದ ವಿಮರ್ಶೆ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಅನೇಕರಿಗೆ ಆ ಹಳೇ ತಾಣವೇ ಒಂದು ಸಂಪುಟ ಆಗಿತ್ತು, ಅದಕ್ಕೆ.

ಮೊದಲು ಒಳ್ಳೆಯದನ್ನ ಹೇಳಿಬಿಡ್ತೀನಿ. ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತೆ. ಅಕ್ಷರ ದಪ್ಪ, ನನ್ನ ಕಣ್ಣಿಗೂ ಹಿತ. ಚಂದಾ ಈಗ ಯುಪಿಐನಲ್ಲಿ ಅರ್ಧ ನಿಮಿಷದ ಕೆಲಸ. ಮೊದಲು ಡಿಡಿ ತೆಗೆಸಿ ಅಂಚೆಗೆ ಹಾಕಬೇಕಿತ್ತು. ಮುಖಪುಟದಲ್ಲಿ ಬೇಲೂರಿನ ಮದನಿಕೆಯರು ಒಬ್ಬೊಬ್ಬರಾಗಿ ಬಂದು ಹೋಗ್ತಾರೆ. ಸಂತೋಷ. ಶಾಸನದ ಸಂಘಕ್ಕೆ ಒಂದು ಶಾಸನದ ಚಿತ್ರ ಹಾಕಬಹುದಿತ್ತು, ಅದು ಬೇರೆ ಮಾತು.

ಸದಸ್ಯ ಅನ್ನೋನು ಈ ತಾಣಕ್ಕೆ ಬರೋದು ಯಾಕೆ? ಊರಿನ ಕೆರೆ ಏರಿ ಮೇಲೆ ಒಂದು ಕಲ್ಲು ಕಂಡಿರ್ತಾನೆ. ಇದನ್ನ ಯಾರಾದ್ರೂ ಓದಿದಾರಾ, ಎಲ್ಲಾದ್ರೂ ಅಚ್ಚಾಗಿದೆಯಾ ಅಂತ ತಿಳಿಯೋಕೆ. ಆಗಿಲ್ಲ ಅಂದ್ರೆ ಫೋಟೋ ಕಳಿಸೋಕೆ. ಹೊಸ ತಾಣ ಈ ಎರಡೂ ಕೆಲಸವನ್ನ ಕಷ್ಟ ಮಾಡಿದೆ ಅನ್ನೋದು ನನ್ನ ದೂರು.

ಹಳೇ ತಾಣದಲ್ಲಿ ಹುಡುಕುವ ಪೆಟ್ಟಿಗೆಯೇ ಇರಲಿಲ್ಲ. ತಾಲ್ಲೂಕುವಾರು ಒಂದು ಉದ್ದನೆಯ ಪಟ್ಟಿ. ಊರು, ಕಲ್ಲು ಇರುವ ಜಾಗ, ಕಾಲ, ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಇದ್ದರೆ ಅದರ ಸಂಖ್ಯೆ, ಇಲ್ಲದಿದ್ದರೆ ‘ಅಪ್ರಕಟಿತ’. ನೋಡೋಕೆ ದಿನಸಿ ಚೀಟಿ ಥರ. ಆದ್ರೆ ಬೇಕಾದ್ದು ಸಿಗ್ತಿತ್ತು. ಹೊಸದರಲ್ಲಿ ಪಟ್ಟಿ ಇಲ್ಲ, ಅಂದವಾದ ಪೆಟ್ಟಿಗೆ ಇದೆ. ‘ತುರುಗೋಳು’ ಅಂತ ಹಾಕಿದೆ: ಫಲಿತಾಂಶ ಸೊನ್ನೆ. ‘ಊರಳಿವು’: ಸೊನ್ನೆ. ವೀರಗಲ್ಲುಗಳ ಮೇಲೇ ವಿಶೇಷ ಸಂಚಿಕೆ ತಂದ ಸಂಘದ ತಾಣದಲ್ಲಿ!

ಕಾರಣ ಹುಡುಕಿದಾಗ ಎರಡು ಸಿಕ್ಕವು. ಹಳೆಯ ಸಂಚಿಕೆಗಳ ಪಿಡಿಎಫ್‌ಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರಶೈಲಿಯಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಗೊತ್ತಾಗುತ್ತೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಪದ ಅದರೊಳಗೆ ಸಿಗೋದು ಸಾಧ್ಯವೇ ಇಲ್ಲ. ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಪುಕ್ಕಟೆ ಸಿಗ್ತವೆ. ಮೂಲ ಕಡತಗಳು ಸಂಪಾದಕರ ಹತ್ರ ಇದ್ದೇ ಇರ್ತವೆ. ಒತ್ತಕ್ಷರಗಳನ್ನ ಕೈಯಿಂದ ತಿದ್ದಬೇಕಾಗುತ್ತೆ, ಬೇಸರದ ಕೆಲಸ, ಒಪ್ತೀನಿ. ಆದ್ರೆ ಮದನಿಕೆಯರ ಸ್ಲೈಡ್ ಶೋಗಿಂತ ಮೊದಲು ಆಗಬೇಕಿದ್ದ ಕೆಲಸ.

ಎರಡನೆಯದು ನಮ್ಮ ಕ್ಷೇತ್ರಕ್ಕೇ ಸೇರಿದ್ದು, ಹೊರಗಿನ ವೆಬ್ ಕಂಪನಿಗೆ ಹೊಳೆಯದೇ ಇರುವಂಥದ್ದು. ಶಾಸನದಲ್ಲಿ ಇರೋದು ‘ತುಱುಗೋಳ್’, ‘ಊರೞಿವು’. ಹುಡುಕುವವನ ಕೀಲಿಮಣೆಯಲ್ಲಿ ಇರೋದು ರ ಮತ್ತು ಳ. ಹುಡುಕಾಟದ ಹಿಂದೆ ‘ಱ ಬಂದರೆ ರ ಅಂತಲೂ, ೞ ಬಂದರೆ ಳ ಅಂತಲೂ ತಿಳಿ’ ಎಂದು ಒಂದು ನಿಯಮ ಬರೆದರೆ ಮುಕ್ಕಾಲು ಪಾಲು ಸರಿಹೋಗುತ್ತೆ. ಮುಕ್ಕಾಲು ಅಂದೆ ಯಾಕೆಂದ್ರೆ, ವ್ಯಂಜನದ ಹಿಂದೆ ಬಂದ ೞ ಆಮೇಲೆ ರ ಆಗಿ, ಅದೂ ಕರಗಿಹೋಗಿದೆ: ಗೞ್ದೆ, ಗರ್ದೆ, ಗದ್ದೆ. ಹಲ್ಮಿಡಿಯ ‘ಬಾಳ್ಗೞ್ಚು’ವಿನಲ್ಲಿ ಒಂದೇ ಪದದೊಳಗೆ ಳ, ೞ ಎರಡೂ ಇವೆ. ಇಂಥವಕ್ಕೆ ಒಂದು ಸಣ್ಣ ಪದಪಟ್ಟಿ ಬೇಕು, ಅದನ್ನ ಸಂಘದ ವಿದ್ವಾಂಸರೇ ಒಂದು ಭಾನುವಾರ ಕೂತು ಮಾಡಿಕೊಡಬಲ್ಲರು. ಯಾರೂ ಅವರನ್ನ ಕೇಳಲಿಲ್ಲ. ಇಷ್ಟಕ್ಕೂ ಈ ೞ ಪಾಪದ ಅಕ್ಷರ. ಯೂನಿಕೋಡ್ ಪಟ್ಟಿಯಲ್ಲೇ ಅದಕ್ಕೆ ತಪ್ಪಾಗಿ ‘ಫ’ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನೋ ನಿಯಮ ಇರೋದ್ರಿಂದ ಪಕ್ಕದಲ್ಲೊಂದು ಸರಿ ಹೆಸರು ಸೇರಿಸಿ ಕೈತೊಳೆದುಕೊಂಡರು.

ಇನ್ನು ಸಂಖ್ಯೆಗಳ ವಿಷಯ. ಏಳನೆಯ ಸಂಪುಟ, ಶಿಕಾರಿಪುರ 176 ಅಂದ್ರೆ ತಾಳಗುಂದದ ಸ್ತಂಭಶಾಸನ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ತಕ್ಷಣ ಹೊಳೆಯುತ್ತೆ. ನಮಗೆ ಸಂಖ್ಯೆಯೇ ವಿಳಾಸ. ಆ ವಿಳಾಸವೂ ಬದಲಾಗುತ್ತೆ ಅನ್ನೋದೂ ನಮಗೆ ಗೊತ್ತು: ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣೆಯಲ್ಲಿ 500, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಸಂಖ್ಯೆ ಬದಲಾದಾಗ ಹಳೆಯದು ಯಾವುದು, ಹೊಸದು ಯಾವುದು ಅಂತ ಹೊಂದಿಸಿ ತೋರಿಸದಿದ್ದರೆ ಓದುಗ ಕುರುಡ. ಹೊಸ ತಾಣ ಪ್ರತಿ ಪುಟಕ್ಕೂ ಹೊಸ ವಿಳಾಸ ಕೊಟ್ಟು ಹಳೆಯದನ್ನೆಲ್ಲ ಕಿತ್ತುಹಾಕಿದೆ. ಈ ಬ್ಲಾಗಿನಲ್ಲಿ ನಾನು ಕೊಟ್ಟಿದ್ದ ಕೊಂಡಿಗಳೆಲ್ಲ ಈಗ ‘ಪುಟ ಸಿಗಲಿಲ್ಲ’. ಹಳೇ ವಿಳಾಸ ಒತ್ತಿದವರನ್ನ ಹೊಸದಕ್ಕೆ ಕರೆದುಕೊಂಡು ಹೋಗುವ ವ್ಯವಸ್ಥೆ ಎಲ್ಲ ಸರ್ವರಿನಲ್ಲೂ ಇರುತ್ತೆ.

ಫೋಟೋ ಕಳಿಸುವ ಕಥೆ ಕೇಳಿ. ಮೊದಲು ಕಾರ್ಯದರ್ಶಿಗಳಿಗೆ ಇಮೇಲ್ ಮಾಡಿದರೆ ಆಯ್ತು. ಈಗ ಲಾಗಿನ್, ಒಟಿಪಿ, ಫಾರ್ಮು. ಫೋಟೋ 2 ಎಂಬಿ ದಾಟುವಂತಿಲ್ಲ. ಸವೆದ ಕಲ್ಲಿನ ಫೋಟೋ ಹೇಗೆ ತೆಗೀತೀವಿ ಅಂತ ನಿಮಗೆ ಗೊತ್ತಲ್ಲ, ಸಂಜೆಯ ಓರೆ ಬಿಸಿಲಿಗೆ ಕಾದು, ಇಲ್ಲಾಂದ್ರೆ ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದು. ಆ ಸಣ್ಣ ನೆರಳಿನಲ್ಲೇ ಅಕ್ಷರ ಇರೋದು. 2 ಎಂಬಿಗೆ ಕುಗ್ಗಿಸಿದ್ರೆ ಮೊದಲು ಹೋಗೋದೇ ಆ ನೆರಳು. ವಾಟ್ಸ್ಯಾಪಿನಲ್ಲೂ ಹೀಗೇ ಆಗುತ್ತೆ, ಅದಕ್ಕೇ ‘ಡಾಕ್ಯುಮೆಂಟ್’ ಅಂತ ಕಳಿಸಿ ಅಂತ ಹೊಸಬರಿಗೆ ಹೇಳ್ತಾ ಇರ್ತೀವಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ನಕ್ಷೆ ನೋಡಿ. ಕಲ್ಲಿನ ಪಾಠ ಓದಬೇಕಾದ್ರೆ ಸದಸ್ಯರಾಗಿ ಲಾಗಿನ್ ಆಗಬೇಕು. ಕಲ್ಲು ಎಲ್ಲಿದೆ ಅನ್ನೋದು ಮಾತ್ರ ಕರಾರುವಾಕ್ಕಾಗಿ, ಅಕ್ಷಾಂಶ ರೇಖಾಂಶ ಸಮೇತ, ಯಾರು ಬೇಕಾದ್ರೂ ನೋಡುವಂತೆ! ನಿಧಿ ಆಸೆಗೆ ವೀರಗಲ್ಲು, ಲಿಂಗಮುದ್ರೆ ಕಲ್ಲುಗಳ ಬುಡ ಅಗೆದ ಗುಂಡಿಗಳನ್ನ ಕ್ಷೇತ್ರಕಾರ್ಯಕ್ಕೆ ಹೋದವರೆಲ್ಲ ಕಂಡಿದ್ದೀರಿ. ಇದು ಉಲ್ಟಾ ಆಗಬೇಕು. ಪಾಠ ಎಲ್ಲರಿಗೂ, ಊರಿನ ಹೆಸರು ಎಲ್ಲರಿಗೂ, ಖಚಿತ ಜಾಗ ಸದಸ್ಯರಿಗೆ. ತಾಣದ ಉಳಿದ ತಪ್ಪುಗಳಿಗೆ ಆರು ತಿಂಗಳು ಕಾಯಬಹುದು, ಇದಕ್ಕೆ ಒಂದು ದಿನವೂ ಅಲ್ಲ.

ಮೇಲೆ ಕೆರೆ ಏರಿ ಅಂದೆನಲ್ಲ, ಅದು ಉದಾಹರಣೆಗೆ ಕಟ್ಟಿದ ಮಾತಲ್ಲ. ನನ್ನ ಗೆಳೆಯರೊಬ್ಬರು, ಪ್ರಾಥಮಿಕ ಶಾಲೆಯ ಮೇಷ್ಟ್ರು, ತಮ್ಮೂರಿನ ಏರಿ ಮೇಲಿದ್ದ ವೀರಗಲ್ಲನ್ನ ವರ್ಷಗಳ ಹಿಂದೆ ಸುಣ್ಣ ತೊಳೆದು ಫೋಟೋ ತೆಗೆದು ಕಳಿಸಿದ್ದರು. ನಾಲ್ಕು ಸಾಲಿನ ಶಾಸನ, ಎರಡು ಸಾಲು ಓದಲು ಬಂದಿತ್ತು. ಪಟ್ಟಿಯಲ್ಲಿ ‘ಅಪ್ರಕಟಿತ’ ಅಂತ ಸೇರಿತು, ಪಕ್ಕದಲ್ಲಿ ಫೋಟೋ. ಆಮೇಲೆ ಏರಿ ರಸ್ತೆ ಅಗಲ ಮಾಡಿದರು. ಕಲ್ಲು ಈಗ ಇಲ್ಲ. ಒಡೆದು ಕಲ್ಲುಕಟ್ಟಡಕ್ಕೆ ಹಾಕಿದರು ಅಂತ ಒಬ್ಬರು, ಮಣ್ಣಿನಡಿ ಇದೆ ಅಂತ ಇನ್ನೊಬ್ಬರು. ಹೊಸ ತಾಣ ಬಂದ ಮೇಲೆ ಮೇಷ್ಟ್ರು ಫೋನ್ ಮಾಡಿ, ‘ಸಾರ್, ನಮ್ಮೂರ ಕಲ್ಲು ಎಲ್ಲೂ ಕಾಣ್ತಿಲ್ವಲ್ಲ’ ಅಂದ್ರು. ಅವರ ಹಳೇ ಫೋನ್ ಕೆಟ್ಟು ಎಷ್ಟೋ ಕಾಲ ಆಗಿದೆ. ನಾನು ಇಂಟರ್ನೆಟ್ ಆರ್ಕೈವಿನಲ್ಲಿ ಹುಡುಕಿದೆ. ಪಟ್ಟಿಯ ಪುಟ ಉಳಿದಿದೆ, ಓದಿದ್ದ ಎರಡು ಸಾಲೂ ಇದೆ. ಫೋಟೋ ಇರಬೇಕಾದ ಜಾಗದಲ್ಲಿ ಖಾಲಿ ಚೌಕ.

ಸಂಘದವರನ್ನ ಕೇಳಿದ್ದಕ್ಕೆ, ‘ಹಳೇ ಸರ್ವರ್ ನವೀಕರಿಸಲಿಲ್ಲ, ಬ್ಯಾಕಪ್ ವೆಬ್ ಕಂಪನಿಯವರ ಹತ್ರ ಇರಬಹುದು’ ಅಂದರು. ಇರಬಹುದು ಅನ್ನೋ ಮಾತನ್ನ ಹಿಡಿದುಕೊಂಡು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ, ಮುಂದಿನ ಸರ್ವಸದಸ್ಯರ ಸಭೆಯಲ್ಲೂ ಕೇಳ್ತೀನಿ. ಅಷ್ಟರಲ್ಲಿ, ಹಳೇ ತಾಣದಿಂದ ಪಟ್ಟಿಯನ್ನಾಗಲಿ ಫೋಟೋಗಳನ್ನಾಗಲಿ ಯಾರಾದ್ರೂ ಇಳಿಸಿಕೊಂಡಿದ್ದರೆ, ಯಾವ ತಾಲ್ಲೂಕಿನದಾದರೂ ಸರಿ, ದಯವಿಟ್ಟು ಅಳಿಸಬೇಡಿ, ನನಗೆ ತಿಳಿಸಿ. ಕುಗ್ಗಿಸದೆ ಕಳಿಸಿ.