ಮುಗಿದ ಮೇಲೂ ಮುಗಿಯದ ಸುಳ್ಳು

ಜಪಾನಿನ ಸತೋಶಿ ಕೋನ್ ಸಿನಿಮಾಗಳಿಂದ ಹೆಸರಾದವರು. ಅವರು ನಿರ್ದೇಶಿಸಿದ ಟಿವಿ ಸರಣಿ ಒಂದೇ ಒಂದು: 2004ರಲ್ಲಿ ಪ್ರಸಾರವಾದ ಹದಿಮೂರು ಕಂತುಗಳ ‘ಪ್ಯಾರನೋಯಾ ಏಜೆಂಟ್’. ಜಪಾನಿನ ಆನಿಮೇಶನ್ ಚಿತ್ರಗಳಿಗೆ ‘ಆನಿಮೆ’ ಎನ್ನುತ್ತಾರೆ. ಕಾರ್ಟೂನ್ ಎಂದರೆ ಮಕ್ಕಳ ಚಾನೆಲ್ ಎಂದುಕೊಂಡವರಿಗೆ ಇದರ ಮೊದಲ ಕಂತೇ ಸಾಕು, ಆ ಕಲ್ಪನೆ ಕಳಚಿಬೀಳುತ್ತದೆ. ಆದರೆ ಕೊನೆಯ ಕಂತು ಮುಗಿದಾಗ ನೋಡಿದವರಲ್ಲಿ ಬಹಳಷ್ಟು ಜನ ಗೊಂದಲಕ್ಕೆ ಬೀಳುತ್ತಾರೆ. ಗುಟ್ಟು ಬಯಲಾಯಿತು, ಭೂತ ಮಾಯವಾಯಿತು. ಹಾಗಿದ್ದೂ ಕಥೆ ಹೊರಟ ಜಾಗಕ್ಕೇ ಬಂದು ನಿಂತಿತೇಕೆ?

ಕಥೆ ಹೀಗಿದೆ. ತ್ಸುಕಿಕೊ ಸಾಗಿ ಎಂಬ ಯುವತಿ ಗೊಂಬೆಗಳ ವಿನ್ಯಾಸಕಿ. ಅವಳು ಬರೆದ ‘ಮರೊಮಿ’ ಎಂಬ ಗುಲಾಬಿ ಬಣ್ಣದ ನಾಯಿಮರಿ ದೇಶಕ್ಕೆಲ್ಲ ಪ್ರಿಯವಾಗಿದೆ. ಈಗ ಕಂಪೆನಿಗೆ ಅಂಥದ್ದೇ ಇನ್ನೊಂದು ಬೇಕು, ಅವಳಿಗೆ ಹೊಳೆಯುತ್ತಿಲ್ಲ. ಒಂದು ರಾತ್ರಿ ಅವಳು ರಸ್ತೆಯಲ್ಲಿ ಗಾಯಗೊಂಡು ಬೀಳುತ್ತಾಳೆ. ಬಂಗಾರ ಬಣ್ಣದ ಚಕ್ರದ ಬೂಟು ತೊಟ್ಟ ಹುಡುಗನೊಬ್ಬ ಸೊಟ್ಟ ಬ್ಯಾಟಿನಿಂದ ಹೊಡೆದ ಎನ್ನುತ್ತಾಳೆ. ಪೊಲೀಸರಾದ ಇಕಾರಿ ಮತ್ತು ಮನಿವಾ ತನಿಖೆಗೆ ಇಳಿಯುತ್ತಾರೆ. ಅಷ್ಟರಲ್ಲಿ ‘ಶೋನೆನ್ ಬ್ಯಾಟ್’ ಎಂದು ಹೆಸರು ಪಡೆದ ಆ ಹುಡುಗ ಬೇರೆಯವರಿಗೂ ಹೊಡೆಯತೊಡಗುತ್ತಾನೆ. ವಿಚಿತ್ರವೆಂದರೆ ಏಟು ತಿಂದವರೆಲ್ಲ ಏನೋ ಒಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರು. ಆ ಏಟು ಅವರ ಪಾಲಿಗೆ ಬಿಡುಗಡೆ!

ಕೊನೆಗೆ ತಿಳಿಯುವುದಿಷ್ಟು: ತ್ಸುಕಿಕೊ ಚಿಕ್ಕವಳಿದ್ದಾಗ ಮರೊಮಿ ಎಂಬ ನಿಜವಾದ ನಾಯಿಮರಿಯೊಂದಿತ್ತು. ಅವಳು ಹಗ್ಗ ಕೈಬಿಟ್ಟ ಗಳಿಗೆಯಲ್ಲಿ ಅದು ರಸ್ತೆಗೆ ಓಡಿ ವಾಹನಕ್ಕೆ ಸಿಕ್ಕಿತು. ಅಪ್ಪನ ಭಯಕ್ಕೆ ಬ್ಯಾಟು ಹಿಡಿದ ಹುಡುಗನೊಬ್ಬನನ್ನು ಸೃಷ್ಟಿಸಿದಳು. ಕೊನೆಯ ಕಂತಿನಲ್ಲಿ ಕಪ್ಪು ಕೆಸರಿನಂಥದ್ದೊಂದು ಟೋಕಿಯೊವನ್ನು ನುಂಗುತ್ತಿರುವಾಗ ಅವಳು ಆ ಹಳೆಯ ಗಳಿಗೆಗೆ ಮರಳಿ, ಸತ್ತ ಮರಿಯನ್ನು ಎತ್ತಿಕೊಂಡು ಕ್ಷಮೆ ಕೇಳುತ್ತಾಳೆ. ಕೆಸರು ಇಳಿಯುತ್ತದೆ. ಎರಡು ವರ್ಷದ ನಂತರ ನಗರ ಮತ್ತೆ ಎದ್ದು ನಿಂತಿದೆ. ಜನ ಮೊಬೈಲಿನಲ್ಲಿ ಅದೇ ಹಳೆಯ ನೆಪಗಳನ್ನು ಹೇಳುತ್ತಿದ್ದಾರೆ. ನಾಯಿಯ ಜಾಗಕ್ಕೆ ಹೊಸ ಬೆಕ್ಕಿನ ಗೊಂಬೆ ಬಂದಿದೆ. ತಲೆ ನರೆತ ಮನಿವಾ ನೆಲದ ಮೇಲೆ ಅರ್ಥವಾಗದ ಲೆಕ್ಕ ಬರೆಯುತ್ತಿದ್ದಾನೆ.

ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೋಗುವಾಗ ಸಿಗುವ ಪಾಪಿನಾಯಕನಹಳ್ಳಿಯಲ್ಲಿ, ಜನರ ಬಾಯಲ್ಲಿ ಪಿ.ಕೆ. ಹಳ್ಳಿಯಲ್ಲಿ, ಕೂತು ಇದನ್ನು ನೋಡಿದ ನಮಗೆ ಈ ಸುಳ್ಳಿನ ಚಲನೆ ಪರದೇಶದ್ದೆಂದು ಅನಿಸಲೇ ಇಲ್ಲ. ನಲವತ್ತು ದಾಟಿದವರಿಗೆ ತಟ್ಟನೆ ನೆನಪಾದದ್ದು ‘ನಾಳೆ ಬಾ’. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ವದಂತಿ ಅದು. ರಾತ್ರಿ ದೆವ್ವ ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುತ್ತದೆ, ತೆರೆದರೆ ಸಾವು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಸೀಮೆಸುಣ್ಣ ಹಿಡಿದವರಲ್ಲಿ ಎಷ್ಟು ಜನ ಅದನ್ನು ನಂಬಿದ್ದರೋ! ಪಕ್ಕದ ಮನೆಯವರು ಬರೆದಿದ್ದಾರೆ, ನಮ್ಮದೂ ಇರಲಿ ಎಂದು ಬರೆದವರೇ ಹೆಚ್ಚಿರಬೇಕು. ಸರಣಿಯ ಒಂಬತ್ತನೇ ಕಂತಿನಲ್ಲಿ ಹೆಂಗಸರು ವಠಾರದ ಅಂಗಳದಲ್ಲಿ ನಿಂತು ಶೋನೆನ್ ಬ್ಯಾಟ್‌ನ ಬಗ್ಗೆ ಒಬ್ಬರನ್ನು ಮೀರಿಸಿ ಒಬ್ಬರು ಕಥೆ ಕಟ್ಟುತ್ತಾರೆ. ಯಾರಿಗೂ ಸತ್ಯ ಬೇಕಿಲ್ಲ, ತನ್ನ ಸರದಿ ಬೇಕು.

ಆದರೆ ‘ನಾಳೆ ಬಾ’ಗೆ ಯಾರೂ ಬಲಿಯಾದ ನೆನಪು ನಮಗಿಲ್ಲ. 2018ರ ‘ಮಕ್ಕಳ ಕಳ್ಳರ’ ವದಂತಿ ಹಾಗಿರಲಿಲ್ಲ. ಆ ವರ್ಷ ದೇಶದ ಅನೇಕ ಕಡೆ ಹರಿದಾಡಿದ ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಪೂರ್ತಿ ಚಿತ್ರದಲ್ಲಿ ಬೈಕು ಹಿಂದಿರುಗುತ್ತದೆ, ಮಗುವನ್ನು ಇಳಿಸಿ, ಮಗು ಕಾಣೆಯಾಗಲು ಒಂದು ಕ್ಷಣ ಸಾಕು ಎಂಬರ್ಥದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದರು. ಉಳಿದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಮೇ ತಿಂಗಳಲ್ಲಿ ಇದೇ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಜೊತೆಗಾರರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು ಸಂಶಯಕ್ಕೆ ಕಾರಣವಾಗಿತ್ತು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಗುಂಪಿನ ಕಣ್ಣಿಗೆ ಇಬ್ಬರೂ ಪರಊರಿನವರು. ಅದಿರಿನ ಲಾರಿಗಳ ಡ್ರೈವರು, ಕ್ಲೀನರು, ಹೊರರಾಜ್ಯದ ಕೂಲಿಗಳು ದಿನಾಲೂ ಓಡಾಡುವ ಈ ಸೀಮೆಯಲ್ಲಿ ಅಪರಿಚಿತನೆಂದರೆ ಯಾರು ಎಂದು ನಾವು ಪರಸ್ಪರ ಕೇಳಿಕೊಂಡೆವು. ಉತ್ತರ ಸುಲಭವಾಗಿರಲಿಲ್ಲ.

ಹಾಗಾದರೆ ತ್ಸುಕಿಕೊ ತಪ್ಪೊಪ್ಪಿಕೊಂಡ ಮೇಲೂ ಎಲ್ಲ ಮೊದಲಿನಂತೆಯೇ ಆದದ್ದೇಕೆ? ಕೋನ್ ನಿರಾಶಾವಾದಿ, ಮನುಷ್ಯ ಕಲಿಯುವುದಿಲ್ಲ ಎನ್ನುವುದಷ್ಟೇ ಅವರ ಮಾತು ಎನ್ನುವ ಓದು ನಮಗೆ ಸಾಲದು. ಇಸ್ಲಾಮಿನಲ್ಲಿ ತೌಬಾದ ಬಗ್ಗೆ ಉಲಮಾಗಳು ಮಾಡುವ ಒಂದು ವ್ಯತ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಾಹನಿಗೂ ದಾಸನಿಗೂ ನಡುವಿನ ತಪ್ಪಿಗೆ ಪಶ್ಚಾತ್ತಾಪ ಸಾಕು. ಇನ್ನೊಬ್ಬ ಮನುಷ್ಯನ ಹಕ್ಕು ಕಿತ್ತುಕೊಂಡಿದ್ದರೆ, ಅಂದರೆ ಹುಕೂಕುಲ್ ಇಬಾದ್‌ನ ಪ್ರಶ್ನೆಯಿದ್ದರೆ, ಅದನ್ನು ಅವನಿಗೇ ಹಿಂದಿರುಗಿಸಬೇಕು, ಇಲ್ಲವೇ ಅವನಿಂದಲೇ ಕ್ಷಮೆ ಪಡೆಯಬೇಕು. ತ್ಸುಕಿಕೊ ನಾಯಿಮರಿಯ ಕ್ಷಮೆ ಕೇಳಿದಳು, ಅದು ನಿಜವಾದದ್ದು, ಆದ್ದರಿಂದಲೇ ಅವಳ ಭೂತ ಕರಗಿತು. ಆದರೆ ಆ ಸುಳ್ಳಿನಿಂದ ಏಟು ತಿಂದವರ, ಸತ್ತವರ ಲೆಕ್ಕ ಹಾಗೇ ಉಳಿಯಿತು. ಗಮನಿಸಿ, ಕೆಸರು ಇಳಿದಾಗ ನಗರ ಮೊದಲಿನಂತೆ ಆಗುವುದಿಲ್ಲ, ಹಾಳುಬಿದ್ದೇ ಇರುತ್ತದೆ. ಇನ್ನೂ ಮುಖ್ಯವಾದದ್ದು, ಸುಳ್ಳು ಹುಟ್ಟಿದ್ದು ಒಬ್ಬಳಿಂದ, ಅದಕ್ಕೆ ಅನ್ನ ಹಾಕಿದ್ದು ಊರೆಲ್ಲ. ಹುಟ್ಟಿಸಿದವಳು ಒಪ್ಪಿಕೊಂಡಳು, ಸಾಕಿದವರು ಒಪ್ಪಿಕೊಳ್ಳಲಿಲ್ಲ. ಫಾರ್ವರ್ಡ್ ಮಾಡಿದವನು ತಾನು ಬರೇ ಕಳಿಸಿದೆ ಎನ್ನುತ್ತಾನೆ. ಸುದ್ದಿ ತಂದವನ ಮಾತನ್ನು ಪರೀಕ್ಷಿಸಿ, ಇಲ್ಲದಿದ್ದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂಬ ಸೂರಃ ಅಲ್-ಹುಜುರಾತ್‌ನ ಎಚ್ಚರಿಕೆ ಕೇಳುವವನನ್ನೂ ಹೊಣೆಗಾರನನ್ನಾಗಿಸುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಸರಣಿಯಲ್ಲಿ ದೋಷಗಳಿಲ್ಲವೆಂದಲ್ಲ. ಕೊನೆಯ ಎರಡು ಕಂತು ಅವಸರದಲ್ಲಿ ಓಡುತ್ತವೆ, ಮನಿವಾನ ಕನಸಿನಂಥ ಅಲೆದಾಟ ನಮ್ಮಲ್ಲಿ ಹಲವರಿಗೆ ಅರ್ಥವೇ ಆಗಲಿಲ್ಲ. ಊರಿಗೆಲ್ಲ ಹಂಚಿಹೋದ ಪಾಪದ ಬೇರನ್ನು ಒಬ್ಬ ಹುಡುಗಿಯ ಬಾಲ್ಯದಲ್ಲಿ ಹುಡುಕುವುದು ಪತ್ತೇದಾರಿ ಕಥೆಯ ಹಳೆಯ ಚಾಳಿ. ಕೋನ್ ಅದನ್ನು ಪೂರ್ತಿ ಬಿಡಲಿಲ್ಲ.

ಅದಕ್ಕೇ ನಮಗೆ ಸರಣಿಯ ಹೃದಯ ಕಂಡದ್ದು ಹನ್ನೊಂದನೇ ಕಂತಿನಲ್ಲಿ. ಇಕಾರಿಯ ಹೆಂಡತಿ ಮಿಸಾಯೆ ಕಾಯಿಲೆಯವಳು. ಕಷ್ಟ ನೀಗಿಸಲು ಬಂದ ಶೋನೆನ್ ಬ್ಯಾಟ್ ಎದುರು ಅವಳು ಕೂಗುವುದಿಲ್ಲ, ಓಡುವುದಿಲ್ಲ, ತನ್ನ ಸಂಸಾರದ ಕಥೆಯನ್ನು ಹೇಳುತ್ತ ಹೋಗುತ್ತಾಳೆ. ನೋವು ತನ್ನದು, ಅದರಿಂದ ಬಿಡಿಸಿಕೊಳ್ಳಲು ನಿನ್ನ ಬ್ಯಾಟು ತನಗೆ ಬೇಡ ಎಂಬುದು ಅವಳ ಮಾತಿನ ತಾತ್ಪರ್ಯ. ಹುಡುಗ ಹೊಡೆಯಲಾಗದೆ ಹಿಂದೆ ಸರಿಯುತ್ತಾನೆ. ಬಂದೂಕಿದ್ದ ಪೊಲೀಸರ ಕೈಲಾಗದ್ದು ಮನೆಯೊಳಗೆ ಕೂತ ಈ ರೋಗಿಷ್ಠೆಯ ಕೈಲಾಯಿತು.