ಕಬ್ಬಿಣ ಹೆಚ್ಚಾದವರ ನಾಡಿನಲ್ಲಿ

ಡಬ್ಲಿನ್ನಿನ ದಕ್ಷಿಣಕ್ಕೆ, ಬೆಟ್ಟಸಾಲಿನ ಬುಡದಲ್ಲಿರುವ ಸ್ಯಾಂಡಿಫರ್ಡ್‌ನಲ್ಲಿ ಎಲ್ಲವೂ ಹೊಸತು: ಗಾಜಿನ ಕಚೇರಿಗಳು, ಟ್ರಾಮು, 2006ರಲ್ಲಿ ತೆರೆದ ಬೀಕನ್ ಆಸ್ಪತ್ರೆ. ಆದರೆ ಐರ್ಲೆಂಡಿನ ಎಷ್ಟೋ ಜನರ ಲಿವರ್ ಉಳಿಸುತ್ತಿರುವ ಚಿಕಿತ್ಸೆಯನ್ನು ಕಂಡರೆ ನಮ್ಮ ಹಳೆಯ ಪಂಡಿತರು ರಕ್ತಮೋಕ್ಷಣವೆಂದು ಗುರುತು ಹಿಡಿದಾರು. ತೋಳಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಅರ್ಧ ಲೀಟರ್‌ನಷ್ಟು ರಕ್ತ ತೆಗೆಯುವುದು, ಅಷ್ಟೇ.

ಕಾಯಿಲೆಯ ಹೆಸರು ಹೀಮೋಕ್ರೊಮಟೋಸಿಸ್. ಐರಿಷರಲ್ಲಿ ಸುಮಾರು 83 ಮಂದಿಗೆ ಒಬ್ಬರು ತಂದೆ ತಾಯಿ ಇಬ್ಬರಿಂದಲೂ ಇದರ ಜೀನ್ ಪಡೆದವರು. ಊಟದಿಂದ ಎಷ್ಟು ಕಬ್ಬಿಣ ಒಳಗೆ ಬಿಡಬೇಕೆಂದು ಕರುಳಿಗೆ ಹೇಳುವ ಹೆಪ್ಸಿಡಿನ್ ಎಂಬ ಹಾರ್ಮೋನು ಇವರಲ್ಲಿ ಕಡಿಮೆ. ಹೆಚ್ಚಾದದ್ದನ್ನು ಹೊರಹಾಕಲು ಶರೀರಕ್ಕೆ ದಾರಿಯೇ ಇಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ಗ್ರಾಂ ಇರುವ ಕಬ್ಬಿಣ ಇಪ್ಪತ್ತು ಗ್ರಾಂ ಮುಟ್ಟಿ ಲಿವರ್, ಹೃದಯ, ಕೀಲುಗಳಲ್ಲಿ ತುಂಬಿಕೊಳ್ಳುತ್ತದೆ. ಒಮ್ಮೆ ರಕ್ತ ತೆಗೆದರೆ ಹೋಗುವುದು 200ರಿಂದ 250 ಮಿಲಿಗ್ರಾಂ. ವಾರಕ್ಕೊಮ್ಮೆ ತೆಗೆದರೂ ತುಂಬಿದ ಮೈ ಬರಿದಾಗಲು ಎರಡು ವರ್ಷ ಹಿಡಿದೀತು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಸಾಕು.

ಅಗ್ಗ, ಸರಳ ಅನ್ನುವ ಕಾರಣಕ್ಕೆ ಇದನ್ನು ಮೆಚ್ಚುತ್ತಿಲ್ಲ, ಫಲ ಗಟ್ಟಿಯಾಗಿದೆ. ಲಿವರ್ ಗಟ್ಟಿಯಾಗುವ ಸಿರೋಸಿಸ್‌ಗೆ ಮೊದಲೇ ಪತ್ತೆಯಾಗಿ ಕಬ್ಬಿಣ ಇಳಿಸಿಕೊಂಡವರ ಆಯಸ್ಸು ಉಳಿದವರಷ್ಟೇ ಎಂದು ಜರ್ಮನಿಯ ನೀಡೆರಾವ್ ತಂಡ 1985ರಲ್ಲೇ ತೋರಿಸಿತು. ಹಾಗಾದರೆ ಮುನ್ನಡೆ ಎಲ್ಲಿ? ಸೂಜಿಯಲ್ಲಲ್ಲ, ಗುರುತಿಸುವುದರಲ್ಲಿ. 1996ರಲ್ಲಿ ಜೀನ್ ಸಿಕ್ಕ ಮೇಲೆ ಒಬ್ಬರಿಗೆ ಕಾಯಿಲೆ ಬಂದರೆ ಅಣ್ಣತಮ್ಮ, ಅಕ್ಕತಂಗಿಯರನ್ನು ಕೂಡಲೇ ಪರೀಕ್ಷಿಸಬಹುದು. ನನ್ನ ತಕರಾರು ಇರುವುದೂ ಇಲ್ಲೇ. ಇಷ್ಟು ಮಂದಿ ಜೀನ್ ಹೊತ್ತಿರುವ ದೇಶದಲ್ಲಿ ವಯಸ್ಕರೆಲ್ಲರನ್ನೂ ತಪಾಸಿಸುವ ಯೋಜನೆಯಿಲ್ಲ. ಸುಸ್ತು, ಬೆರಳ ಗೆಣ್ಣಿನ ನೋವು ಎಂದು ಬಂದವರಿಗೆ ವೈದ್ಯರು ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರೆ ಪುಣ್ಯ. ಜೀನ್ ಇದ್ದವರೆಲ್ಲ ಕಾಯಿಲೆ ಬೀಳುವುದಿಲ್ಲ ಎಂಬ ಪ್ರತಿವಾದ ಸುಳ್ಳಲ್ಲ. ಆದರೂ ಲಿವರ್ ಗಟ್ಟಿಯಾಗುವವರೆಗೆ ಕಾಯಲು ಅದು ಸಬೂಬಾಗಬಾರದು.

ಮೆಚ್ಚಬೇಕಾದ್ದು ಇನ್ನೊಂದು. ತೆಗೆದ ರಕ್ತ ಚರಂಡಿಪಾಲಾಗಬೇಕಿಲ್ಲ. ಸ್ಯಾಂಡಿಫರ್ಡ್ ಪಕ್ಕದ ಸ್ಟಿಲ್ಲೋರ್ಗನ್‌ನ ರಕ್ತದಾನ ಕೇಂದ್ರದಲ್ಲಿ, ಅರ್ಹರಾದ ಇಂಥ ರೋಗಿಗಳ ರಕ್ತ ಬೇರೆಯವರಿಗೆ ಬಳಕೆಯಾಗುತ್ತದೆ.

ನಮ್ಮಲ್ಲಿ ಕತೆ ತಿರುವುಮುರುವು: ಕರ್ನಾಟಕದಲ್ಲಿ ಹೆಂಗಸರ ಪೈಕಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣದ ಮಾತ್ರೆ ನುಂಗಿಸುವುದೇ ನಮ್ಮ ಕಡೆ ಆಶಾ ಕಾರ್ಯಕರ್ತೆಯರ ಪಾಡು. ಅಂಥ ನಾಡಿನಿಂದ ಐಟಿ ಕೆಲಸಕ್ಕೆ ಐರ್ಲೆಂಡಿಗೆ ಹೋದವನ ರಕ್ತದ ವರದಿಯಲ್ಲಿ ಫೆರಿಟಿನ್ ಏರಿದ್ದು ಕಂಡರೆ? ಆ ಜೀನ್ ನಮ್ಮವರಲ್ಲಿ ಅಪರೂಪ. ಸಾಮಾನ್ಯವಾಗಿ ಕಾರಣ ಲಿವರ್‌ನ ಕೊಬ್ಬು. ಕೊಬ್ಬಿನ ಲಿವರ್‌ಗೆ ರಕ್ತ ತೆಗೆದು ನೋಡಿದ ಪ್ರಯೋಗದಲ್ಲಿ ಗುಣ ಕಾಣಲಿಲ್ಲ. ಆದ್ದರಿಂದ ಫೆರಿಟಿನ್ ಒಂದನ್ನೇ ನಂಬದೆ, ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೇಳಬೇಕು. ಅದು ಶೇಕಡ 45ಕ್ಕಿಂತ ಕೆಳಗಿದ್ದರೆ ಜೀನಿನ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಕೊಬ್ಬಿನ ಲಿವರ್‌ಗೆಂದೇ ರೆಸ್ಮೆಟಿರೋಮ್ ಮಾತ್ರೆಗೆ ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟಿದೆ ನಿಜ, ಅದೂ ಲಿವರ್‌ನಲ್ಲಿ ನಾರು ಕಟ್ಟಿದವರಿಗೆ ಮಾತ್ರ. ಉಳಿದವರು ಮೂರು ಹೊತ್ತಿನ ಅನ್ನ ಇಳಿಸಿ, ಟ್ರಾಮಿನಿಂದ ಒಂದು ನಿಲ್ದಾಣ ಮೊದಲೇ ಇಳಿಯಬೇಕು. ಫೆರಿಟಿನ್ ಅಷ್ಟೇ ಇರುವ ಪಕ್ಕದ ಮನೆಯ ಐರಿಷ್ ಗೃಹಸ್ಥ ಆ ಹೊತ್ತಿಗೆ ಸ್ಟಿಲ್ಲೋರ್ಗನ್‌ನಲ್ಲಿ ತೋಳು ಚಾಚಿ ಮಲಗಿರುತ್ತಾನೆ.