ಒನಕೆಯಿಂದ ಹೊಲಿಗೆ ಯಂತ್ರದವರೆಗೆ

ನಮ್ಮ ಊರಿಗೆ ಅಕ್ಕಿ ಗಿರಣಿ ಬಂದ ವರ್ಷ ಮನೆಯಲ್ಲೆಲ್ಲ ಸಂಭ್ರಮ. ಭತ್ತ ಕುಟ್ಟಲು ಬರುತ್ತಿದ್ದ ಹೆಂಗಸು ಮಾತ್ರ ಹಿತ್ತಿಲ ಬಾಗಿಲಲ್ಲಿ ನಿಂತು, “ಅಮ್ಮಾ, ಇನ್ಮೇಲೆ ನನಗೆ ಕೆಲಸ ಇಲ್ವಾ?” ಎಂದಳು. ಅಮ್ಮ ಮಾತಾಡದೆ ಅವಳ ಸೆರಗಿಗೆ ಎರಡು ಸೇರು ಅಕ್ಕಿ ಸುರಿದಳು. ಗಿರಣಿಯಲ್ಲಿ ಯಂತ್ರದ ಮುಂದೆ ನಿಂತವರು ಗಂಡಸರು. ಇದರಲ್ಲಿ ಯೋಚಿಸುವಂಥದ್ದೇನೋ ಇದೆಯೆಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸೆರಪ್ ಅವರ ‘ವುಮನ್ಸ್ ರೋಲ್ ಇನ್ ಎಕನಾಮಿಕ್ ಡೆವಲಪ್‌ಮೆಂಟ್’ ಓದಿದಾಗ. 1970ರ ಪುಸ್ತಕ. ಬರೆದವರು ಭಾರತದಲ್ಲೂ ಕೆಲವು ವರ್ಷ ಇದ್ದವರು. ಹೆಂಗಸರು ಮನೆಯಲ್ಲಿ ಕೂತು ಮಾಡುತ್ತಿದ್ದ ಕಸುಬನ್ನು ಕಾರ್ಖಾನೆ ಕಿತ್ತುಕೊಳ್ಳುತ್ತದೆ, ಅದರ ಜಾಗದಲ್ಲಿ ಬರುವ ಸಂಬಳದ ಕೆಲಸ ಹೆಚ್ಚಾಗಿ ಗಂಡಸರ ಪಾಲಾಗುತ್ತದೆ ಎನ್ನುತ್ತಾರೆ ಆಕೆ. ಅಭಿವೃದ್ಧಿಯೆಂದರೆ ಎಲ್ಲರಿಗೂ ಒಳ್ಳೆಯದೇ ಎಂದು ನಂಬಿದ್ದ ಕಾಲದಲ್ಲಿ ಇದು ಧೈರ್ಯದ ಮಾತು. ಓದುತ್ತಿದ್ದಂತೆ ನಮ್ಮ ಹಿತ್ತಿಲ ಬಾಗಿಲು ಕಣ್ಣಿಗೆ ಕಟ್ಟಿತು.

ಆದರೂ ನನ್ನ ತಕರಾರುಗಳಿವೆ. ಹೆಣ್ಣುಮಕ್ಕಳಿಗೆ ಓದು, ತರಬೇತಿ ಕೊಟ್ಟು ಹೊಸ ಉದ್ಯೋಗಗಳಿಗೆ ಸೇರಿಸಬೇಕೆಂಬುದು ಅವರು ಹೇಳುವ ಮದ್ದು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ. ಸೇರಿದ್ದಾಯಿತು. ಆಮೇಲೆ? ಭವಿಷ್ಯನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ನಿಯಮ ತಂದಿತು. ದಿನವಿಡೀ ತಲೆ ತಗ್ಗಿಸಿ ಹೊಲಿಯುವವಳಿಗೆ 58ರವರೆಗೆ ಕಣ್ಣು, ಸೊಂಟ ಉಳಿದಾವೆಯೇ? ಆ ಹಣ ಮಕ್ಕಳ ಫೀಸಿಗೆ, ಸಾಲಕ್ಕೆ ಆಗಬೇಕಾದದ್ದು. ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಕೆಲಸ ಸಿಗುವುದು ಒಂದು, ಆ ಕೆಲಸದಲ್ಲಿ ನಮ್ಮ ಮಾತು ನಡೆಯುವುದು ಇನ್ನೊಂದು. ಪುಸ್ತಕ ಮೊದಲನೆಯದರಲ್ಲೇ ನಿಲ್ಲುತ್ತದೆ.

ಇನ್ನೊಂದು ಕೊರತೆಯನ್ನು ಲೂರ್ಡೆಸ್ ಬೆನೆರಿಯಾ ಮತ್ತು ನಮ್ಮವರೇ ಆದ ಗೀತಾ ಸೇನ್ 1981ರಲ್ಲೇ ಎತ್ತಿ ತೋರಿಸಿದರು. ಅಡುಗೆ, ಹೆರಿಗೆ, ಮಕ್ಕಳ ಪಾಲನೆಯ ದುಡಿಮೆಗೆ ಈ ಪುಸ್ತಕದಲ್ಲಿ ಸಾಕಷ್ಟು ಜಾಗವಿಲ್ಲ. ನಮ್ಮ ಬೀದಿಯಲ್ಲೊಬ್ಬಳು ಗಾರ್ಮೆಂಟ್ಸ್‌ಗೆ ಹೋಗುವವಳಿದ್ದಾಳೆ. ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ, ನೀರು ಹಿಡಿದಿಟ್ಟು, ಏಳಕ್ಕೆ ವ್ಯಾನ್ ಹತ್ತುತ್ತಾಳೆ. “ಫ್ಯಾಕ್ಟರೀಲಿ ಕೂತ್ಕೊಂಡಾದ್ರೂ ಕೆಲಸ ಮಾಡ್ತೀನಿ ಆಂಟೀ, ಮನೇಲಿ ಅದೂ ಇಲ್ಲ” ಎಂದು ನಗುತ್ತಾಳೆ. ಕೆಲಸ ಬಿಡು ಎಂದರೆ ಮಾತ್ರ ಒಪ್ಪಳು. ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿದೆ.

ಹಾಗೆಂದು ಒನಕೆಯ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಕುಟ್ಟುವವಳ ಅಂಗೈಯ ಬೊಬ್ಬೆಗಳನ್ನು ನೋಡಿದ್ದೇನೆ. ಗಿರಣಿ ಬರಬೇಕಿತ್ತು. ಅದು ಬಂದಾಗ ಅವಳನ್ನೂ ಒಂದು ಮಾತು ಕೇಳಬೇಕಿತ್ತು. ಬೋಸೆರಪ್ ಕೇಳಿದರು, ಅರ್ಧ ಉತ್ತರವನ್ನಾದರೂ ಕೊಟ್ಟರು. ನಮ್ಮ ಮನೆಯಲ್ಲಿ ನಾವು ಎರಡು ಸೇರು ಅಕ್ಕಿ ಕೊಟ್ಟು ಬಾಗಿಲು ಹಾಕಿಕೊಂಡೆವು.